ಗುಳೆ ಹೋದವರ ಟಪಾಲು ಯಾರ ಕೈಗೆ?

ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಭಾಗದ ಊರುಗಳಲ್ಲಿ ಬೀಗ ಬಿದ್ದ ಮನೆಗಳು ಹೆಚ್ಚುತ್ತವೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಹಳ್ಳಿ, ತಾಂಡಾಗಳಿಂದ ಜನ ಬೆಂಗಳೂರು, ಪುಣೆ, ಮುಂಬೈ, ಗೋವಾಕ್ಕೆ ಗುಳೆ ಹೊರಡುತ್ತಾರೆ. ಎಮ್ಮೆ ಯಾರಿಗೆ ಒಪ್ಪಿಸಬೇಕು, ಶಾಲೆಗೆ ಹೋಗುವ ಮಗಳನ್ನು ಅಜ್ಜಿ ಹತ್ತಿರ ಬಿಡಬೇಕೋ ಬೇಡವೋ, ಎಲ್ಲಾ ಲೆಕ್ಕ ಹಾಕಿಯೇ ಹೋಗುತ್ತೇವೆ. ಮನೆಗೆ ಬರುವ ಟಪಾಲಿನ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ.

ಈಗ ಯಾರು ಪತ್ರ ಬರೀತಾರ್ರೀ, ಎಲ್ಲಾ ವಾಟ್ಸಾಪ್ ಅಂತೀರಿ. ನಿಜ, ಕುಶಲ ಕೇಳುವ ಪತ್ರ ನಿಂತಿದೆ. ಆದರೆ ಎಟಿಎಂ ಕಾರ್ಡ್, ಪಾನ್ ಕಾರ್ಡ್, ಆಧಾರ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಬ್ಯಾಂಕಿನ ನೋಟಿಸು, ಕೋರ್ಟಿನ ಕಾಗದ ಇವತ್ತಿಗೂ ಅಂಚೆಯಲ್ಲೇ ಬರುತ್ತವೆ. ಬರುವ ಪತ್ರ ಕಡಿಮೆಯಾಗಿದೆ, ಬಂದದ್ದರ ತೂಕ ಹೆಚ್ಚಾಗಿದೆ.

ಮನೆಗೆ ಬೀಗ ಇದ್ದರೆ ಏನಾಗುತ್ತದೆ? ಸ್ಪೀಡ್ ಪೋಸ್ಟ್‌ನಂಥ ಸಹಿ ಬೇಕಾದ ಟಪಾಲನ್ನು ಸಾಮಾನ್ಯವಾಗಿ 7 ದಿನ ಅಂಚೆ ಕಚೇರಿಯಲ್ಲಿ ಇಟ್ಟು, ಯಾರೂ ಬರದಿದ್ದರೆ 'ಬಾಗಿಲಿಗೆ ಬೀಗ' ಎಂದು ಬರೆದು ಕಳಿಸಿದವರಿಗೇ ವಾಪಸ್ ಮಾಡುತ್ತಾರೆ. ನಮ್ಮ ಗುಳೆ 7 ದಿನದ್ದಲ್ಲ, ನಾಲ್ಕೈದು ತಿಂಗಳದ್ದು.

ಕಾರ್ಡ್ ವಾಪಸ್ ಹೋದರೆ ಮತ್ತೆ ಅರ್ಜಿ ಹಾಕಬಹುದು. ನೋಟಿಸಿನ ವಿಷಯ ಹಾಗಲ್ಲ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳಿಸಿದ ನೋಟಿಸು ತಲುಪಿದೆ ಎಂದೇ ಭಾವಿಸಲು 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಕಲಂ ಅವಕಾಶ ಕೊಡುತ್ತದೆ. ತಲುಪಿಲ್ಲ ಎಂದು ತೋರಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಸಾಲಕ್ಕೆ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ನೋಟಿಸು ಮುಟ್ಟಿದ 15 ದಿನದಲ್ಲಿ ಹಣ ಕಟ್ಟಬೇಕು. ಇಲ್ಲದಿದ್ದರೆ ಕೇಸು. ಬೆಂಗಳೂರಿನ ಕಟ್ಟಡದ ಮೇಲೆ ಇಟ್ಟಿಗೆ ಹೊರುವವನಿಗೆ ಇದು ಗೊತ್ತಾಗುವುದು ಸಮನ್ಸ್ ಬಂದಾಗಲೇ.

ಇದರಲ್ಲಿ ಅಂಚೆಯಣ್ಣನ ತಪ್ಪಿಲ್ಲ. ದಿನಕ್ಕೆ 4-5 ಗಂಟೆ ಕೆಲಸದ ಗ್ರಾಮೀಣ ಡಾಕ್ ಸೇವಕ ಹಲವು ಹಳ್ಳಿ ತಿರುಗುತ್ತಾನೆ. ಯಾರು ಎಲ್ಲಿಗೆ ಹೋಗಿದ್ದಾರೆ ಅಂತ ಅವನಿಗೆ ಗೊತ್ತಿದ್ದರೂ, ನಾವು ಏನೂ ಬರೆದುಕೊಟ್ಟಿಲ್ಲ ಅಂದರೆ ಅವನ ಕೈ ಕಟ್ಟಿದಂತೆ.

ಅಮೆರಿಕದ ಅಂಚೆಯಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ಊರಿಗೆ ಹೋಗುವವರು ಮೊದಲೇ ತಿಳಿಸಿದರೆ 3ರಿಂದ 30 ದಿನದವರೆಗೆ ಟಪಾಲನ್ನು ಉಚಿತವಾಗಿ ಹಿಡಿದಿಟ್ಟು, ಬಂದ ಮೇಲೆ ಕೊಡುತ್ತಾರೆ. ಅಲ್ಲಿ ಅದು ಪ್ರವಾಸ ಹೋಗುವವರಿಗೆ ಅನುಕೂಲ. ಹೊಟ್ಟೆಪಾಡಿಗೆ ಊರು ಬಿಡುವ ನಮಗೆ ಅದು ಅಗತ್ಯ.

ನಮ್ಮ ಬೇಡಿಕೆ ದೊಡ್ಡದಲ್ಲ. ಪ್ರತಿ ಶಾಖಾ ಅಂಚೆ ಕಚೇರಿಯಲ್ಲಿ ಕನ್ನಡದ ಒಂದು ಪುಟದ ಫಾರಂ ಇರಲಿ. ಹೆಸರು, ಮೊಬೈಲ್ ನಂಬರು, ಹೋಗುವ ದಿನ, ಬರುವ ದಿನ ಬರೆದರೆ ಸಾಕು. ಬರೀ ಹಿಡಿದಿಟ್ಟರೆ ನೋಟಿಸಿನ ದಿನಗಳು ನಿಲ್ಲುವುದಿಲ್ಲ. ಆದ್ದರಿಂದ ಟಪಾಲು ಬಂದ ದಿನವೇ, ಕಳಿಸಿದವರು ಯಾರು ಎಂದು ಫೋನಿಗೆ ಮೆಸೇಜ್ ಬರಬೇಕು. 1898ರ ಅಂಚೆ ಕಾಯ್ದೆ ಹೋಗಿ ಹೊಸ ಕಾಯ್ದೆ 2024ರ ಜೂನ್‌ನಿಂದ ಜಾರಿಯಲ್ಲಿದೆ. 2025ರಲ್ಲಿ ರಿಜಿಸ್ಟರ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿದೆ. ಇಷ್ಟೆಲ್ಲ ಬದಲಿಸಿದ ಇಲಾಖೆಗೆ ಒಂದು ಫಾರಂ ಭಾರವಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇದೆ. ಹೊರಡುವ ಮುಂಚೆ ಪೋಸ್ಟ್ ಮಾಸ್ಟರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಡಿ. ಟಪಾಲನ್ನು ಬೇರೆ ವಿಳಾಸಕ್ಕೆ ಕಳಿಸಿ ಎಂದು ಕೇಳಬಹುದು. ಇಲ್ಲವೇ ನಂಬಿಕಸ್ಥರೊಬ್ಬರಿಗೆ ಪಡೆದುಕೊಳ್ಳುವ ಅಧಿಕಾರ ಬರೆದುಕೊಡಬಹುದು. ಪಾಸ್‌ಪೋರ್ಟ್ ಮಾತ್ರ ಸ್ವತಃ ನೀವೇ ಇರಬೇಕು, ಅದಕ್ಕೆ ಅರ್ಜಿ ಹಾಕುವ ಸಮಯ ನೋಡಿಕೊಳ್ಳಿ. ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿ, ಅದರ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಅಧಿಕಾರ ಪಡೆದವರಿಗೆ ಒಂದು ಮಾತು ಹೇಳಿ: ಲಕೋಟೆ ಬಂದರೆ ಮಾಡಿನ ಮೇಲೆ ಸಿಕ್ಕಿಸಬೇಡಿ, ಒಡೆದು ಫೋಟೋ ಕಳಿಸಿ.

ಗ್ರಾಮ ಪಂಚಾಯಿತಿಗಳೂ ಗುಳೆ ಶುರುವಾಗುವ ಮುನ್ನ ಒಮ್ಮೆ ಡಂಗುರ ಸಾರಿಸಲಿ. ಬಾಗಿಲಿಗೆ ಬೀಗ ಹಾಕಿದ್ದೇವೆ ಅಂದರೆ ಊರಿನ ಸಂಬಂಧ ಕಡಿದುಕೊಂಡಿದ್ದೇವೆ ಅಂತಲ್ಲ.