ಬಗ್ಗಿಗೆ ಬಾಯಾರಿಕೆ

ಕೊಂಡಾಪುರದ ನಮ್ಮ ಸೊಸೈಟಿಯಲ್ಲಿ ಗೇಟಿನಿಂದ ಕೊನೆಯ ಬ್ಲಾಕಿನವರೆಗೂ ಏರು. ಮಂಡಿನೋವಿನ ಅಮ್ಮನಿಗೆ ಸಂಜೆ ಗುಡಿಗೆ ಹೋಗಿಬರಲು ಬ್ಯಾಟರಿ ಬಗ್ಗಿಯೇ ಗತಿ. ಗಾಲ್ಫ್ ಆಡದವರ ಗಾಲ್ಫ್ ಕಾರ್ಟ್ ಅನ್ನಿ. ಕಳೆದ ಮೇ ತಿಂಗಳಲ್ಲಿ ಅದು ಮೂರು ಸಲ ಏರಿನ ನಡುವೆಯೇ ನಿಂತಿತು. ಅಮ್ಮ ಧಾರವಾಡಕ್ಕೆ ಟಿಕೆಟ್ ಮಾಡಿಸು ಅಂದರು.

ಕಮಿಟಿಯವರು ಆರೂ ಬ್ಯಾಟರಿ ಬದಲಿಸಲು ಕೊಟೇಶನ್ ತರಿಸಿದ್ದರು. ಸರ್ವರ್ ಬಿದ್ದಾಗ ಎಲ್ಲವನ್ನೂ ಕಿತ್ತು ಹಾಕುವವರಲ್ಲ ನಾವು; ಭಾನುವಾರ ಮಲ್ಟಿಮೀಟರ್ ಹಿಡಿದು ಹೋದೆ.

ಎಂಟು ವೋಲ್ಟಿನ ಆರು ಬ್ಯಾಟರಿ, ಒಟ್ಟು 48 ವೋಲ್ಟ್. ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ನೋಡಿದರೆ ಎಲ್ಲವೂ 8.4ರ ಆಸುಪಾಸು. ಮೋಸ ಇರುವುದೇ ಇಲ್ಲಿ. ನಾಲ್ವರನ್ನು ಕೂರಿಸಿ ಏರು ಹತ್ತಿಸಿದಾಗ ಐದು ಬ್ಯಾಟರಿ 8ರ ಹತ್ತಿರ ನಿಂತವು, ಒಂದು 6ಕ್ಕೆ ಕುಸಿಯಿತು. ಹೈಡ್ರೋಮೀಟರ್ ಇಟ್ಟರೆ ಅದರ ನಾಲ್ಕು ಸೆಲ್‌ಗಳಲ್ಲಿ ಮೂರು 1.270, ಒಂದು ಮಾತ್ರ 1.150. ಇಪ್ಪತ್ನಾಲ್ಕು ಸೆಲ್‌ಗಳಲ್ಲಿ ಒಂದು ಸೋತದ್ದಕ್ಕೆ ಇಡೀ ಗಾಡಿ ನಿಂತಿತ್ತು.

ಓಡಿಸುವ ಹುಡುಗ ಬೀದರ್ ಕಡೆಯವನು. "ನೀರ್ ದಿನಾ ತುಂಬ್ತೀನ್ರಿ ಸರ್, ಚಾರ್ಜಿಗೆ ಹಚ್ಚೂದಕ್ಕಿಂತ ಮೊದ್ಲ, ಬಾಯಿ ತನಕ" ಅಂದ. ಪಾಪ, ತಪ್ಪು ಅವನದಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಚಾರ್ಜ್ ಆಗುವಾಗ ದ್ರಾವಣ ಉಬ್ಬಿ ಆಸಿಡ್ ಹೊರಗೆ ಚೆಲ್ಲುತ್ತದೆ, ಉಳಿದದ್ದು ತೆಳುವಾಗುತ್ತಾ ಹೋಗುತ್ತದೆ. ಪ್ಲೇಟು ಬರಿದಾಗಿ ಕಂಡರೆ ಮುಳುಗುವಷ್ಟು ಮಾತ್ರ ಹಾಕಬೇಕು, ಉಳಿದದ್ದು ಚಾರ್ಜ್ ಮುಗಿದ ಮೇಲೆ. ಅದೂ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಬೇಡವೇ ಬೇಡ. ಇನ್ನು ಅರ್ಧ ಚಾರ್ಜಿನಲ್ಲೇ ದಿನಗಟ್ಟಲೆ ನಿಲ್ಲಿಸಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಇದರ ಮೇಲೆ ಹೈದರಾಬಾದಿನ ಬಿಸಿಲು: 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧ. ಮೊದಲು ಗಾಡಿಯನ್ನು ನೆರಳಿಗೆ, ಗಾಳಿ ಆಡುವಲ್ಲಿಗೆ ಸರಿಸಿದೆವು. ಚಾರ್ಜಿಂಗ್‌ನಲ್ಲಿ ಹೈಡ್ರೋಜನ್ ಬರುತ್ತದೆ, ಪಕ್ಕದಲ್ಲಿ ವಾಚ್‌ಮನ್‌ಗಳ ಬೀಡಿ ಬೇರೆ!

ಈಕ್ವಲೈಸ್ ಚಾರ್ಜ್ ಕೊಟ್ಟರೂ ಆ ಸೆಲ್ ಏಳಲಿಲ್ಲ. ಹಳೆಯದರ ನಡುವೆ ಹೊಸದೊಂದನ್ನು ಸೇರಿಸಿದರೆ ಅದೂ ಬೇಗ ಸೊರಗುತ್ತದೆ, ಹಾಗಾಗಿ ಅಷ್ಟೇ ವಯಸ್ಸಿನ, ಅದೇ ಮಾದರಿಯ ಸೆಕೆಂಡ್‌ಹ್ಯಾಂಡ್ ಬ್ಯಾಟರಿಯನ್ನು ಪರೀಕ್ಷಿಸಿ ತಂದು ಹಾಕಿದೆವು. ಟರ್ಮಿನಲ್‌ಗಳನ್ನು ಅಡುಗೆ ಸೋಡಾ ನೀರಿನಲ್ಲಿ ಉಜ್ಜಿ ವ್ಯಾಸಲೀನ್ ಹಚ್ಚಿದೆವು. ಸೋಡಾ ನಮ್ಮ ಮನೆಯ ಡಬ್ಬದ್ದೇ. ಆ ವಾರ ಇಡ್ಲಿ ಗಟ್ಟಿ.

ಟಿಕೆಟ್ ಕ್ಯಾನ್ಸಲ್ ಆಯಿತು. ಈಗ ಅಮ್ಮ ಹತ್ತಿ ಕೂರುವ ಮೊದಲು ಕೇಳುತ್ತಾರೆ: "ತಮ್ಮಾ, ನೀರ್ ನೋಡೀಯೇನು?"

"ನೋಡೀನ್ರಿ ಅಮ್ಮಾರ, ಚಾರ್ಜ್ ಆದ್ ಮ್ಯಾಲ."