ನಕಲಿಗೆ ಚಪ್ಪಾಳೆ, ಅಸಲಿಗೆ ಮೂಗುಮುರಿತ!

ಕನ್ನಡದ ತರುಣನೇ, ತರುಣಿಯೇ,

ಶನಿವಾರ ರಾತ್ರಿ ಮನೆಯಲ್ಲಿ ಕಾಲು ಚಾಚಿಕೊಂಡು ಸಿನಿಮಾ ನೋಡುತ್ತೀಯ. ಸೋಮವಾರ ಆಫೀಸಿನ ಕ್ಯಾಂಟೀನಿನಲ್ಲೋ ಕಾಲೇಜಿನ ಕಟ್ಟೆಯ ಮೇಲೋ ಕೂತು ತೀರ್ಪು ಕೊಡುತ್ತೀಯ. "ಮಲಯಾಳಂದು ನೋಡ್ದೆ ಮಗಾ, ಏನ್ ತೆಗ್ದಿದಾರೆ!" "ತಮಿಳಿಂದು ಸಖತ್ತಾಗಿದೆ." ಪಕ್ಕದವನು ಕನ್ನಡದ್ದು ಯಾವುದು ನೋಡಿದೆ ಅಂತ ಕೇಳಿದರೆ ಮಾತ್ರ ನಿನ್ನ ಮೂಗು ಮೇಲೇರುತ್ತದೆ. "ಅಯ್ಯೋ, ಕನ್ನಡದಲ್ಲಿ ಏನಿದೆ ಬಿಡೋ!"

ಏನಿದೆ ಎಂದು ಕೇಳಿದೆಯಲ್ಲ? ಹೇಳುತ್ತೇವೆ, ಕಿವಿಗೊಟ್ಟು ಕೇಳು.

ಸಮಂತಾ ನಟಿಸಿದ 'ಯು ಟರ್ನ್' ನೋಡಿ ಬೆರಗಾದೆಯಲ್ಲ? 2018ರಲ್ಲಿ ತೆಲುಗು, ತಮಿಳಿನಲ್ಲಿ ಬಂದ ಆ ಚಿತ್ರದ ಮೂಲ 2016ರ ಕನ್ನಡದ 'ಯು ಟರ್ನ್'. ಬರೆದು ನಿರ್ದೇಶಿಸಿದವರು ಪವನ್ ಕುಮಾರ್. ಕಥೆ ಹುಟ್ಟಿದ್ದು ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ಮೇಲೆ, ನಡುವಿನ ಕಲ್ಲು ಸರಿಸಿ ಅಡ್ಡ ತಿರುಗುವ ಬೈಕ್ ಸವಾರರಿಂದ. ನೀನು ಓಡಾಡುವ ರಸ್ತೆಯ ಕಥೆಯನ್ನು ನೀನು ಪಕ್ಕದ ಮನೆಯವರ ಬಾಯಲ್ಲಿ ಕೇಳಿ ಚಪ್ಪಾಳೆ ಹೊಡೆದೆ!

ಇದೊಂದೇ ಅಲ್ಲ. ತಮಿಳಿನ 'ಎನಕ್ಕುಳ್ ಒರುವನ್' (2015) ನಮ್ಮ 'ಲೂಸಿಯಾ'ದ (2013) ಮರುರೂಪ. ಸಾಮಾನ್ಯ ಪ್ರೇಕ್ಷಕರೇ ಕೈಯಿಂದ ದುಡ್ಡು ಹಾಕಿ ಮಾಡಿಸಿದ ಚಿತ್ರ ಅದು. 'ರಿಚ್ಚಿ' (2017) ಎಂದರೆ ಮಲ್ಪೆಯ ಕಡಲ ದಂಡೆಯ 'ಉಳಿದವರು ಕಂಡಂತೆ' (2014). 'ಕಬಡದಾರಿ' (2021) ಎಂದರೆ ಹೇಮಂತ್ ರಾವ್ ಅವರ 'ಕವಲುದಾರಿ' (2019). ಮಂಡ್ಯ ಸೀಮೆಯ ಹಳ್ಳಿಯ ಜನರನ್ನೇ ಹಾಕಿಕೊಂಡು ತೆಗೆದ 'ತಿಥಿ' 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು ಬಂತು. ಲೊಕಾರ್ನೊದವರಿಗೆ ಕಂಡದ್ದು ನಿನಗೆ ಕಾಣಲಿಲ್ಲವೇ?

"ಕನ್ನಡದವರೂ ರೀಮೇಕ್ ಮಾಡಿಲ್ವಾ?" ಎನ್ನುತ್ತೀಯ. ಮಾಡಿದ್ದಾರೆ, ಬೇಕಾದಷ್ಟು ಮಾಡಿದ್ದಾರೆ. 'ಆಪ್ತಮಿತ್ರ'ವೂ 'ದೃಶ್ಯ'ವೂ ಮಲಯಾಳದ ಕಥೆಗಳೇ. ಮಚ್ಚು, ಲಾಂಗು, ನಾಯಕನ ಕಾಲಿಗೆ ಸ್ಲೋ ಮೋಷನ್, ಕೆಲಸಕ್ಕೆ ಬಾರದ ಕಾಮಿಡಿ ತುಂಬಿದ ಚಿತ್ರಗಳನ್ನು ತಲೆಯ ಮೇಲೆ ಹೊತ್ತು ಮೆರೆಸು ಎಂದು ಯಾರೂ ನಿನ್ನನ್ನು ಕೇಳುತ್ತಿಲ್ಲ. ಕೆಟ್ಟದ್ದನ್ನು ಕೆಟ್ಟದ್ದೆಂದೇ ಹೇಳು, ಆದರೆ ನೋಡಿ ಹೇಳು. ಹತ್ತು ಮಲಯಾಳಂ ಚಿತ್ರಗಳಲ್ಲಿ ಒಳ್ಳೆಯ ಎರಡನ್ನು ಆರಿಸಿ ನೋಡುವವನು, ಹತ್ತು ಕನ್ನಡ ಚಿತ್ರಗಳಲ್ಲಿ ಕೆಟ್ಟ ಒಂದರ ಪೋಸ್ಟರ್ ನೋಡಿ ಇಡೀ ಭಾಷೆಗೇ ಬೆಲೆ ಕಟ್ಟುವುದು ಯಾವ ನ್ಯಾಯ?

"ಮನೆಯಲ್ಲಿ ಕೂತು ನೋಡಿದ್ದಕ್ಕೆ, ಬಾಯಿಗೆ ಬಂದಂತೆ ಒಂದು ಮಾತು ಆಡಿದ್ದಕ್ಕೆ ಇಷ್ಟು ರಂಪವೇ?" ಎಂದೀಯ. ತಮ್ಮಾ, ಅಪಾಯ ಇರುವುದೇ ಅಲ್ಲಿ. ಟೆಂಟಿನ ಕಾಲದಲ್ಲಿ ಟಿಕೆಟ್ಟಿನ ಅರ್ಧ ಚೂರು ನಿನ್ನ ಮತವಾಗಿತ್ತು. ಈಗ ರಿಮೋಟಿನ ಗುಂಡಿಯೇ ಮತ. ಯಾವ ಭಾಷೆಯ ಧ್ವನಿ ಆರಿಸಿದೆ, ಎಷ್ಟು ನಿಮಿಷ ನೋಡಿದೆ, ಎಲ್ಲಿ ನಿಲ್ಲಿಸಿದೆ, ಎಲ್ಲವೂ ಕಂಪನಿಯ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ಕೂತು ನೀನು ಹಿಂದಿ ಒತ್ತಿದರೆ, ಆ ಪುಸ್ತಕದಲ್ಲಿ ನೀನು ಹಿಂದಿಯವನು. ಆಮೇಲೆ ಕನ್ನಡದ ನಿರ್ಮಾಪಕ ಅದೇ ಕಂಪನಿಯ ಬಾಗಿಲು ತಟ್ಟಿದಾಗ ಬರುವ ಉತ್ತರ ಒಂದೇ: "ನಿಮ್ಮಲ್ಲಿ ನೋಡುವವರೇ ಇಲ್ಲ!"

ಇದು ಊಹೆಯ ಮಾತಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ 'ಏಕಂ' ಎಂಬ ಕನ್ನಡ ಸರಣಿ ಮಾಡಿತು, ಕರಾವಳಿಯ ಏಳು ಕಥೆಗಳು. ದೊಡ್ಡ ವೇದಿಕೆಗಳ ಬಾಗಿಲು ತೆರೆಯಲಿಲ್ಲ. ವರ್ಷಗಟ್ಟಲೆ ಕಾದು, ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ತಾಣ ಕಟ್ಟಿ ಅದನ್ನು ಬಿಡುಗಡೆ ಮಾಡಬೇಕಾಯಿತು. ಕೋಟ್ಯಂತರ ಜನ ಆಡುವ ಭಾಷೆಗೆ ಈ ಗತಿ! ಥಿಯೇಟರಿನ ಕಥೆಯೂ ಅಷ್ಟೇ. 2021ರ ಡಿಸೆಂಬರಿನಲ್ಲಿ 'ಪುಷ್ಪ' ಬಂದಾಗ, ಕರ್ನಾಟಕದಲ್ಲೇ ತೆಲುಗು ಅವತರಣಿಕೆಗೆ ನೂರಾರು ಆಟ, ಕನ್ನಡದ ಅವತರಣಿಕೆಗೆ ಬೆರಳೆಣಿಕೆಯಷ್ಟು.

ಇದರಲ್ಲಿ ನಮ್ಮ ಚಿತ್ರರಂಗದ ಪಾಲೂ ಇದೆ, ಮುಚ್ಚಿಡುವುದು ಬೇಡ. ಯಾವ ಕಾನೂನೂ ಇಲ್ಲದೆ, 1960ರ ದಶಕದಿಂದ ಡಬ್ಬಿಂಗಿಗೆ ಅಡ್ಡಗೋಡೆ ಕಟ್ಟಿದರು. ಕಲಾವಿದರ, ತಂತ್ರಜ್ಞರ ಅನ್ನ ಉಳಿಸುವ ಉದ್ದೇಶ ಅಂದು ಸುಳ್ಳಾಗಿರಲಿಲ್ಲ. ಆದರೆ ಗೋಡೆಯ ಒಳಗೆ ಬೆಳೆದ ಮಗು ಪರಭಾಷೆಯ ಚಿತ್ರವನ್ನು ಪರಭಾಷೆಯಲ್ಲೇ ನೋಡಲು ಕಲಿತು, ಕನ್ನಡ ಬೇಡವೇ ಬೇಡ ಎಂಬ ಅಭ್ಯಾಸಕ್ಕೆ ಬಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಅಡ್ಡಿಯನ್ನು ತಪ್ಪೆಂದಿತು. 2017ರಲ್ಲಿ ತಮಿಳಿನಿಂದ ಡಬ್ ಆದ 'ಸತ್ಯದೇವ್ ಐಪಿಎಸ್' ತೆರೆ ಕಂಡಿತು. 2022ರ 'ಆರ್‌ಆರ್‌ಆರ್' ಕನ್ನಡದಲ್ಲೂ ಬಂತು. ಗೋಡೆ ಬಿದ್ದಿದೆ. ಆದರೂ ನಿನ್ನ ಬೆರಳು ಹಳೆಯ ಅಭ್ಯಾಸದಲ್ಲಿ ಹಿಂದಿಯನ್ನೋ ಇಂಗ್ಲಿಷನ್ನೋ ಹುಡುಕುತ್ತಿದೆ!

ಬೇರೆ ಭಾಷೆ ದ್ವೇಷಿಸು ಎಂದು ನಾವು ಹೇಳುತ್ತಿಲ್ಲ. ಎಲ್ಲ ಭಾಷೆಯ ಒಳ್ಳೆಯ ಚಿತ್ರವನ್ನೂ ನೋಡು. ಆದರೆ ನಾಲ್ಕು ಕೆಲಸ ತಪ್ಪದೆ ಮಾಡು.

ಒಂದು, ಚಿತ್ರಕ್ಕೆ ಕನ್ನಡ ಧ್ವನಿ ಇದ್ದರೆ ಅದನ್ನೇ ಒತ್ತು. ಇಲ್ಲದಿದ್ದರೆ ಏಕಿಲ್ಲ ಎಂದು ಕಂಪನಿಗೆ ಬರೆದು ಕೇಳು. ತಿಂಗಳಿಗೆ ಚಂದಾ ಕಟ್ಟುವವನು ನೀನು, ಕೇಳಲು ಅಂಜಿಕೆ ಏಕೆ?

ಎರಡು, ತಿಂಗಳಿಗೆ ಎರಡು ಕನ್ನಡ ಚಿತ್ರ ನೋಡು. ಕದ್ದ ಪ್ರತಿಯಲ್ಲಿ ಬೇಡ, ದುಡ್ಡು ಕೊಟ್ಟು ನೋಡು. ಕದ್ದು ನೋಡಿದ ಕಣ್ಣು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಮೂರು, ಪರಭಾಷೆಯ ಚಿತ್ರ ಹೊಗಳುವ ಮುನ್ನ ಮೂಲ ಯಾವುದು ಎಂದು ವಿಚಾರಿಸು.

ನಾಲ್ಕು, ನೋಡಿದ್ದರ ಬಗ್ಗೆ ಕನ್ನಡದಲ್ಲೇ ಮಾತಾಡು, ಕನ್ನಡದಲ್ಲೇ ಬರೆ. "ಸೂಪರ್", "ವೇಸ್ಟ್" ಎಂದು ಕೈ ತೊಳೆದುಕೊಳ್ಳಬೇಡ. ಕಥೆ ಎಲ್ಲಿ ಸೋತಿತು, ಯಾರ ನಟನೆ ಗೆದ್ದಿತು, ಮಾತು ನಮ್ಮ ಜನರ ಮಾತಿನಂತಿತ್ತೇ, ಹೇಳು. ಒಳ್ಳೆಯ ಬೈಗುಳವೂ ಒಂದು ಭಾಷೆಯ ಚಿತ್ರರಂಗವನ್ನು ಬೆಳೆಸುತ್ತದೆ. ಬೆಳೆಸದೇ ಕೊಲ್ಲುವುದು ಉದಾಸೀನ ಮಾತ್ರ.

'ಉಳಿದವರು ಕಂಡಂತೆ' ಥಿಯೇಟರಿನಲ್ಲಿ ದುಡ್ಡು ಮಾಡಲಿಲ್ಲ. ಆಮೇಲೆ ಅದನ್ನು ಮನೆಯಲ್ಲಿ ನೋಡಿದವರೇ ಒಬ್ಬರಿಗೊಬ್ಬರು ಹೇಳಿ ಹೇಳಿ ಎತ್ತಿ ನಿಲ್ಲಿಸಿದರು. ಮನೆಯಲ್ಲಿ ಕೂತವನ ಮಾತಿಗೆ ಅಷ್ಟು ಬಲವಿದೆ. ಆ ಬಲವನ್ನು ಇಷ್ಟು ದಿನ ಯಾರ ಮನೆ ಬೆಳಗಲು ಬಳಸಿದೆ, ನಿನ್ನನ್ನೇ ಕೇಳಿಕೋ.

ಈ ಶನಿವಾರ ಮತ್ತೆ ರಿಮೋಟು ನಿನ್ನ ಕೈಗೆ ಬರುತ್ತದೆ. ಭಾಷೆಯ ಪಟ್ಟಿಯಲ್ಲಿ ಕನ್ನಡ ಎಲ್ಲೋ ಕೊನೆಯಲ್ಲಿರಬಹುದು. ಕೆಳಗೆ ಇಳಿ, ಹುಡುಕು, ಒತ್ತು!