ಕೋಟೆ ಕಟ್ಟಿಸಿದವನು ಗೊತ್ತು, ಮಣ್ಣು ಹೊತ್ತವರು ಯಾರು?

ಇಂಗ್ಲೆಂಡಿನ ಚರಿತ್ರೆ ಓದುವಾಗ ನಾವು ಬಾಯಿಪಾಠ ಮಾಡೋದು ಇಷ್ಟು: 1066ರಲ್ಲಿ ನಾರ್ಮಂಡಿಯ ವಿಲಿಯಂ ಗೆದ್ದ, ಕೋಟೆ ಕಟ್ಟಿಸಿದ. ಕಟ್ಟಿಸಿದ, ಸರಿ. ಕಟ್ಟಿದೋರು ಯಾರು?

ಆ ಮೊದಲ ಕೋಟೆಗಳು ಬಹುಪಾಲು ಕಲ್ಲಿನವಲ್ಲ, ಮಣ್ಣಿನವು. ಸುತ್ತ ಕಂದಕ ತೋಡಿ, ಆ ಮಣ್ಣನ್ನೇ ದಿಬ್ಬವಾಗಿ ಪೇರಿಸಿ, ಮೇಲೊಂದು ಮರದ ಗೋಪುರ ನಿಲ್ಲಿಸೋರು. ಮಗ್ಗುಲಲ್ಲಿ ಗೂಟದ ಬೇಲಿ ಹಾಕಿದ ಅಂಗಳ. ಅಲ್ಲಿ ಸೈನಿಕರು, ಕುದುರೆ, ಕಣಜ. ಹಾಸ್ಟಿಂಗ್ಸ್‌ನ ದಿಬ್ಬ ಕಟ್ಟುವ ಚಿತ್ರ ಅದೇ ಶತಮಾನದ ಬಾಯೋ ಕಸೂತಿ ಬಟ್ಟೆಯಲ್ಲಿದೆ. ಅಗೆಯಲು ಅಪ್ಪಣೆ ಕೊಟ್ಟವನ ಬಗ್ಗೆ ಅಲ್ಲಿ ಬರಹ ಉಂಟು. ಸಲಿಕೆ ಹಿಡಿದವರಿಗೆ ಹೆಸರೇ ಇಲ್ಲ.

ಊರನ್ನು ಕಾಯಲು ಕೋಟೆ ಕಟ್ಟಿದರು ಅಂತ ಹೇಳ್ತಾರೆ. ಪೂರಾ ನಂಬಬೇಡಿ. ಗೆದ್ದು ಬಂದವನಿಗೆ ಊರೇ ಶತ್ರು. ಯಾರ್ಕ್‌ನಲ್ಲಿ 1068ರಲ್ಲಿ ಒಂದು ಕೋಟೆ ಎದ್ದಿತು. ಜನ ತಿರುಗಿಬಿದ್ದರು, 1069ರಲ್ಲಿ ಇನ್ನೊಂದು ಎದ್ದಿತು. ಲಿಂಕನ್ ಪಟ್ಟಣದಲ್ಲಿ ಕೋಟೆಗೆಂದು 166 ಮನೆ ಕೆಡವಿದರು. ಇದನ್ನು ಬರೆದವರು ಮನೆ ಕಳಕೊಂಡವರಲ್ಲ. 1086ರ ಡೂಮ್ಸ್‌ಡೇ ಪುಸ್ತಕದಲ್ಲಿ ರಾಜನ ಗುಮಾಸ್ತರೇ ಬರೆದಿದ್ದಾರೆ. ಮನೆ ಎಣಿಸಿದರು. ಒಳಗಿದ್ದೋರು ಎಲ್ಲಿಗೆ ಹೋದರು ಅಂತ ಬರೀಲಿಲ್ಲ.

ಮುಂದೆ ಸ್ಟೀಫನ್ ರಾಜನ ಕಾಲದಲ್ಲಿ (1135–54) ಧಣಿಗಳು ಕೋಟೆ ಕೆಲಸಕ್ಕೆ ಬಡವರನ್ನು ಹಿಂಡಿದ್ದನ್ನು ಪೀಟರ್‌ಬರೋ ಮಠದ ಸನ್ಯಾಸಿಯೊಬ್ಬ ಬರೆದಿಟ್ಟ. ನಮ್ಮ ಕಡೆ ಅದಕ್ಕೆ ಬಿಟ್ಟಿ ಚಾಕರಿ ಅಂತಾರೆ.

ಆ ದಿಬ್ಬದ ನೆರಳಲ್ಲಿ ಬದುಕಿದ ರೈತನನ್ನು ‘ವಿಲನ್’ ಅಂತ ಕರೀತಿದ್ದರು. ಧಣಿಯ ಹೊಲದಲ್ಲಿ ವಾರಕ್ಕಿಷ್ಟು ದಿನ ದುಡೀಬೇಕು, ಮಗಳ ಮದುವೆಗೆ ಧಣಿಗೆ ದುಡ್ಡು ಕಟ್ಟಬೇಕು, ಅಪ್ಪಣೆಯಿಲ್ಲದೆ ಊರು ಬಿಡಂಗಿಲ್ಲ. ಇವತ್ತು ಸಿನಿಮಾದ ಕೇಡಿಗೆ ‘ವಿಲನ್’ ಅಂತೀವಲ್ಲ, ಅದೇ ಪದ. ದುಡಿಯೋನ ಹೆಸರನ್ನೇ ಉಳ್ಳವರು ಬೈಗುಳ ಮಾಡಿದರು. ಗೆಳೆಯರೇ, ಇದು ನಮಗೆ ಹೊಸದಾ?

1381ರಲ್ಲಿ ಈ ಜನ ಎದ್ದರು. ಎಷ್ಟೋ ಊರುಗಳಲ್ಲಿ ಧಣಿಗಳ ಮನೆಗೆ ನುಗ್ಗಿ, ತಮ್ಮ ಜೀತದ ಲೆಕ್ಕವಿದ್ದ ಕಡತಗಳನ್ನು ಸುಟ್ಟರು. ತಮ್ಮನ್ನು ಕಟ್ಟಿಹಾಕಿದ್ದು ಕೋಟೆಯೊಂದೇ ಅಲ್ಲ, ಬರಹವೂ ಹೌದು ಅಂತ ಅವರಿಗೆ ಗೊತ್ತಿತ್ತು. ರಾಜನ ಕಡೆಯವರು ಬಂಡಾಯವನ್ನು ತುಳಿದರು, ಮುಂದಾಳುಗಳನ್ನು ಕೊಂದರು. ಆದರೂ ಮುಂದಿನ ಎರಡು ಶತಮಾನದಲ್ಲಿ ಆ ಜೀತ ಸವೆದು ಸತ್ತಿತು.

ಅವರಲ್ಲಿ ಬಹಳ ಮಂದಿಗೆ ಅಕ್ಷರ ಬರ್ತಿರಲಿಲ್ಲ. ನಮಗೆ ಬರುತ್ತೆ. ಪುಸ್ತಕದಲ್ಲಿ ಕೋಟೆಯ ಚಿತ್ರ ಬಂದಾಗ ಮೇಲಿನ ಗೋಪುರ ನೋಡಿ ಸುಮ್ಮನಾಗಬೇಡಿ. ಕೆಳಗಿನ ಕಂದಕ ನೋಡಿ. ಎದ್ದು ನಿಂತು ಮೇಷ್ಟ್ರನ್ನು ಕೇಳಿ: ಈ ಮಣ್ಣು ಹೊತ್ತೋರು ಯಾರು ಸಾರ್?